ಸತ್ತವನು ಟೀ ಕುಡಿದ ವಾರ

ಮೂವತ್ತೊಂದು ವರ್ಷ ಸಿನಿಮಾ ತೋರಿಸಿದ ಮನುಷ್ಯ ಒಂದೇ ಒಂದು ಸಿನಿಮಾವನ್ನೂ ನೋಡಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆ ಕೆಲಸದ ಮರ್ಮ ಗೊತ್ತಿದ್ದವರು ಮಾತ್ರ ನಂಬುತ್ತಾರೆ. ಆಗ ಒಂದು ಚಿತ್ರ ಏಳು ತಗಡಿನ ಡಬ್ಬಿಗಳಲ್ಲಿ ಬರುತ್ತಿತ್ತು, ಡಬ್ಬಿಗೊಂದು ರೀಲು. ಚಿತ್ರಮಂದಿರದ ಹಿಂಗೋಡೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಎರಡು ಯಂತ್ರಗಳು. ಒಂದರಲ್ಲಿ ರೀಲು ಮುಗಿಯುತ್ತ ಬಂದಾಗ ಪರದೆಯ ಬಲಮೂಲೆಯಲ್ಲಿ, ಮೇಲ್ಗಡೆ, ಒಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ. ರೆಪ್ಪೆ ಬಡಿದರೆ ಹೋಯಿತು. ಚುಕ್ಕೆ ಕಂಡ ಕೂಡಲೇ ಎರಡನೇ ಯಂತ್ರ ಹಾಕಬೇಕು. ತಪ್ಪಿದರೆ ಪರದೆ ಬೆಳ್ಳಗಾಗಿ, ಕೆಳಗಿನಿಂದ ಶಿಳ್ಳೆಯ ಜೊತೆಗೆ ಆಪರೇಟರನ ವಂಶವನ್ನೆಲ್ಲ ಕರೆದು ಮಾತಾಡಿಸುತ್ತಾರೆ.

ಹಾಗಾಗಿ ನಾಯಕಿ ಅಳಲಿ, ನಾಯಕ ಮಾಳಿಗೆಯಿಂದ ಹಾರಲಿ, ಅವನ ಕಣ್ಣು ಬಲಮೂಲೆ ಬಿಟ್ಟು ಕದಲುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಚುಕ್ಕೆಯನ್ನೂ ತಪ್ಪಿಸಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಚುಕ್ಕೆಯಣ್ಣ ಆದದ್ದು ಹಾಗೆ. ಮನೆಯಲ್ಲಿ ಹೆಂಡತಿಯೂ ಸಿಟ್ಟು ಬಂದಾಗ, "ರೀ, ಮಾತಾಡೋವಾಗ ನನ್ನ ಮುಖ ನೋಡಿ, ಮೂಲೆ ನೋಡಬೇಡಿ" ಎನ್ನುತ್ತಿದ್ದಳು.

ಕೆಲಸ ಕಲಿಸಿದ ಹಳೆಯ ಆಪರೇಟರ್ ಅವನಿಗೆ ಒಂದು ಪದ್ಧತಿ ಹೇಳಿಕೊಟ್ಟಿದ್ದರು. ಪ್ರತಿ ರೀಲಿನ ಮೊದಲಿಗೆ ಬಾಲದ ಹಾಗೆ ಒಂದಷ್ಟು ಕಪ್ಪು ಪಟ್ಟಿ ಇರುತ್ತದೆ. ಅದರ ಮೇಲೆ ಇರುವೆಯಷ್ಟು ಬಿಳಿಯ ಅಂಕಿ. ಹೊಸ ಚಿತ್ರ ಬಂದ ದಿನ ಆ ಅಂಕಿಯನ್ನು ಕಣ್ಣಾರೆ ಓದಬೇಕು, ಓದಿ ರೀಲಿನ ನಡುವಿನ ಸಂದಿಗೆ ಒಂದು ಬಣ್ಣದ ದಾರ ಕಟ್ಟಬೇಕು. ಒಂದಕ್ಕೆ ಬಿಳಿ, ಎರಡಕ್ಕೆ ಹಳದಿ, ಹೀಗೆ ಐದಕ್ಕೆ ಹಸಿರು, ಆರಕ್ಕೆ ಕೆಂಪು, ಏಳಕ್ಕೆ ಕಪ್ಪು. ಆಮೇಲೆ ಓದುವ ಗೋಜಿಲ್ಲ. ದಾರ ನೋಡಿ ರೀಲು ಹಾಕುತ್ತ ಹೋದರಾಯಿತು. "ಡಬ್ಬಿ ಮುಚ್ಚಳ ನಂಬಬೇಡ, ಅದು ಯಾರ್ಯಾರ ಕೈಗೋ ಹೋಗಿ ಬಂದಿರುತ್ತೆ. ಪಟ್ಟಿ ನಂಬು, ಆಮೇಲೆ ದಾರ ನಂಬು" ಎಂದಿದ್ದರು ಅವರು. ದಾರಕ್ಕೇನೂ ಕೊರತೆಯಿರಲಿಲ್ಲ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವಳ ಮಿಷನ್ನಿನ ಕಾಲಬುಡದಲ್ಲಿ ಬಿದ್ದ ತುಂಡುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ.

ಚುಕ್ಕೆಯಣ್ಣನಿಗೆ ಆ ವರ್ಷ ಐವತ್ತೆಂಟು ತುಂಬಿತ್ತು. ಯಾರ ಹತ್ತಿರವೂ ಹೇಳದ ಭಯವೊಂದು ಆ ವಯಸ್ಸಿನ ಜೊತೆಯಲ್ಲೇ ಬಂದು ಕೂತಿತ್ತು. ಅವನ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಐವತ್ತೊಂಬತ್ತರಲ್ಲಿ ಅವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಕಲಸಿಹೋಯಿತು. ಊಟ ಮಾಡಿ ಕೈ ತೊಳೆದು ಬಂದು "ಊಟಕ್ಕೆ ಹಾಕಿ" ಎನ್ನುವರು. ಸ್ನಾನ ಮಾಡದೆ ತಲೆ ಒರೆಸಿಕೊಳ್ಳುವರು. ಗಡಿಯಾರ ಬಿಚ್ಚಿದರೆ ಯಾವ ಹಲ್ಲಿನ ಚಕ್ರ ಮೊದಲು ಕೂರಿಸಬೇಕು ಎಂದು ತಿಳಿಯದೆ ಅಂಗೈಯಲ್ಲಿ ಹಿಡಿದುಕೊಂಡು ಕೂತುಬಿಡುವರು. ಕೊನೆಗೆ ಮಗನನ್ನೇ "ನೀವು ಯಾರ ಕಡೆಯವರು?" ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಅವನು ಮರೆತಿರಲಿಲ್ಲ. ಹೆಂಡತಿಯನ್ನು ತಾನು ಹಾಗೆ ಕೇಳುವ ದಿನ ಬರದಿರಲಿ ಎಂದು ಪ್ರತಿ ದಿನ ಮೊದಲ ಆಟಕ್ಕೆ ಮುನ್ನ ಯಂತ್ರದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದು ನಿಮಿಷ ದೇವರನ್ನು ನೆನೆಯುತ್ತಿದ್ದ. ಕೇಳುತ್ತಿದ್ದದ್ದು ಅದೊಂದೇ.

ಹೀಗಿರುವಾಗ ಎರಡನೇ ಕಳ್ಳರು ಬಂದರು.

ಮೊದಲನೇ ಕಳ್ಳರ ವಿಷಯ ಸ್ವಲ್ಪ ಹೇಳಬೇಕು. ನಾಲ್ಕು ಜನ ಸೇರಿ ಒಂದು ದೊಡ್ಡ ತಿಜೋರಿ ಒಡೆಯುವ ಚಿತ್ರ ಅದು. ಅದಕ್ಕೊಂದು ಹೆಸರಿತ್ತು, ಆದರೆ ಎಲ್ಲರೂ ಅದನ್ನು 'ಕಳ್ಳರು' ಎಂದೇ ಕರೆದರು. ಇಪ್ಪತ್ತೆರಡು ವಾರ ಓಡಿತು. ಚಿತ್ರ ಶುರುವಾಗುವುದೇ ಕಳ್ಳತನ ಮುಗಿದ ಮೇಲೆ. ಹಿಂದೆ ಹೋಗಿ, ಮುಂದೆ ಬಂದು, ಮತ್ತೆ ಹಿಂದೆ ಹೋಗಿ ಕೊನೆಯಲ್ಲಿ ಎಲ್ಲ ಗಂಟೂ ಒಟ್ಟಿಗೆ ಬಿಚ್ಚಿಕೊಳ್ಳುತ್ತಿತ್ತು. ಆ ನಾಲ್ವರಲ್ಲಿ ಬೀಗ ತೆರೆಯುವ ಮುದುಕನೊಬ್ಬನಿದ್ದ. ಅವನೆಂದರೆ ಜನಕ್ಕೆ ಪ್ರಾಣ. ಇನ್ನೊಂದು ಭಾಗ ಬರುತ್ತದೆ ಎಂದು ಗೊತ್ತಾದಾಗ ಚಿತ್ರಮಂದಿರದ ಯಜಮಾನರು ಕುರ್ಚಿಗಳಿಗೆಲ್ಲ ಹೊಸ ಬಟ್ಟೆ ಹೊದಿಸಿದರು.

ಆ ಶುಕ್ರವಾರ ಹನ್ನೊಂದಕ್ಕೆ ಮೊದಲ ಆಟ. ಡಬ್ಬಿಗಳು ಬಂದು ಇಳಿದದ್ದು ಹನ್ನೊಂದಕ್ಕೆ ಐದು ನಿಮಿಷ ಇರುವಾಗ. ಕೆಳಗೆ ಶಿಳ್ಳೆ ಶುರುವಾಗಿತ್ತು. ಯಜಮಾನರು ಮೆಟ್ಟಿಲ ಬುಡದಿಂದ "ಏನಯ್ಯಾ, ಹಾಕ್ತೀಯೋ ಇಲ್ಲ ಜನ ಮೇಲಕ್ಕೆ ಬರಲೋ?" ಎಂದು ಕೂಗುತ್ತಿದ್ದರು. ಚುಕ್ಕೆಯಣ್ಣ ಸರಸರನೆ ದಾರ ಕಟ್ಟಿದ, ರೀಲು ಹಾಕಿದ, ದೀಪ ಆರಿಸಿದ.

ಎರಡೂವರೆ ಗಂಟೆಯ ನಂತರ ಜನ ಹೊರಗೆ ಬಂದರು. ಮೊದಲನೇ ಕಳ್ಳರು ಮುಗಿದಾಗ ತಳ್ಳಾಡಿಕೊಂಡು, ಕೇಕೆ ಹಾಕಿಕೊಂಡು ಬಂದವರು ಈಗ ಪರೀಕ್ಷೆ ಬರೆದು ಬಂದ ಮಕ್ಕಳ ಹಾಗೆ ಒಬ್ಬರ ಮುಖ ಒಬ್ಬರು ನೋಡುತ್ತ ಬಂದರು. ಗೇಟಿನಲ್ಲಿ ಟಿಕೆಟ್ ಹರಿಯುವವನಿಗೆ ಬಾಯಿ ಸ್ವಲ್ಪ ಜಾಸ್ತಿ. ಅವನು ಎಲ್ಲರ ಮಾತೂ ಕೇಳಿಸಿಕೊಂಡು ಮೇಲೆ ಹತ್ತಿ ಬಂದ.

"ಚುಕ್ಕೆಯಣ್ಣ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಬೀಗದ ಮುದುಕ ಸತ್ತನಾ?"

"ನನ್ನನ್ನೇನು ಕೇಳ್ತೀಯ? ನಾನು ಮೂಲೆ ನೋಡೋನು."

"ಗುಂಡು ಬಿತ್ತಂತೆ, ಸತ್ತನಂತೆ. ಹತ್ತು ನಿಮಿಷ ಬಿಟ್ಟು ಕೂತ್ಕೊಂಡು ಟೀ ಕುಡೀತಾನಂತೆ. ಸತ್ತೋನು ಟೀ ಕುಡೀತಾನೇನಣ್ಣ?"

"ಹಿಂದಿನದು ತೋರಿಸ್ತಿರಬೇಕು ಕಣೋ. ಮೊದಲನೇದರಲ್ಲೂ ಹಿಂದೆಮುಂದೆ ಇತ್ತಲ್ಲ."

"ನಾನೂ ಅದೇ ಅಂದೆ. ಒಬ್ಬರು ಏನಂದ್ರು ಗೊತ್ತಾ? ಮೊದಲನೇದರಲ್ಲಿ ಕಳ್ಳರು ಜಾಣರು, ಇದರಲ್ಲಿ ನಾವು ಪೆದ್ದರು ಅಂದ್ರು!" ಗೇಟಿನವನು ತಾನೇ ಹೇಳಿ ತಾನೇ ನಕ್ಕು ಇಳಿದುಹೋದ.

ಚುಕ್ಕೆಯಣ್ಣನಿಗೆ ನಗು ಬರಲಿಲ್ಲ. ರೀಲೇನಾದರೂ ಹಿಂದುಮುಂದಾಯಿತೇ? ಡಬ್ಬಿಗಳ ಕಡೆ ನೋಡಿದ. ಐದು ಎಂದು ಬರೆದ ಡಬ್ಬಿಯ ರೀಲಿಗೆ ಹಸಿರು ದಾರ, ಆರು ಎಂದು ಬರೆದದ್ದಕ್ಕೆ ಕೆಂಪು ದಾರ. ಎಲ್ಲ ಸರಿಯಾಗಿದೆ. ಆದರೆ ಪಟ್ಟಿಯ ಮೇಲಿನ ಅಂಕಿ ಓದಿ ಕಟ್ಟಿದೆನೋ, ಮುಚ್ಚಳ ನೋಡಿ ಕಟ್ಟಿದೆನೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಮಾಡಿದ ಕೆಲಸ ಮಧ್ಯಾಹ್ನ ಎರಡಕ್ಕೆ ನೆನಪಿಲ್ಲ.

ಪಟ್ಟಿ ಎಳೆದು ಬೆಳಕಿಗೆ ಹಿಡಿದು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ಹಾಗೆ ಅವನು ಮಾಡಲಿಲ್ಲ. ಯಾಕೆಂದರೆ, ಓದಿಯೂ ತಪ್ಪು ದಾರ ಕಟ್ಟಿದ್ದರೆ? ಐದನ್ನು ಕಣ್ಣಾರೆ ನೋಡಿ ಆರರ ದಾರ ಕಟ್ಟಿದ್ದರೆ ಅದು ಅಪ್ಪನ ಚಕ್ರಗಳ ಕಥೆಯೇ ಅಲ್ಲವೇ? ನೋಡಿದರೆ ಗೊತ್ತಾಗಿಬಿಡುತ್ತದೆ. ಗೊತ್ತಾಗದಿರುವ ತನಕ ತಾನು ನಿನ್ನೆಯ ಮನುಷ್ಯನೇ. ಹೀಗೆ ಲೆಕ್ಕ ಹಾಕಿ ಅವನು ಮುಂದಿನ ಆಟಕ್ಕೂ ಅದೇ ದಾರಗಳನ್ನು ನಂಬಿ ಅದೇ ರೀಲು ಹಾಕಿದ. ಶನಿವಾರವೂ ಹಾಕಿದ, ಭಾನುವಾರವೂ ಹಾಕಿದ.

ಆ ಮೂರು ದಿನ ಅವನು ಪರದೆ ನೋಡಲು ಪ್ರಯತ್ನಪಟ್ಟ. ಕಣ್ಣನ್ನು ಮೂಲೆಯಿಂದ ಬಿಡಿಸಿ ಮಧ್ಯಕ್ಕೆ ತಂದರೆ ಅದು ತಾನಾಗಿ ಮೂಲೆಗೆ ಓಡುತ್ತಿತ್ತು. ನೋಡಿದಷ್ಟೂ ಗೊಂದಲವೇ. ನಾಯಕ ಒಂದು ಸಲ ಗಡ್ಡ ಬಿಟ್ಟಿರುತ್ತಾನೆ, ಇನ್ನೊಂದು ಸಲ ಬೋಳಿಸಿರುತ್ತಾನೆ. ಕದ್ದ ಪೆಟ್ಟಿಗೆ ಖಾಲಿ, ಆಮೇಲೆ ತುಂಬಿದೆ, ಆಮೇಲೆ ಅದು ಆ ಪೆಟ್ಟಿಗೆಯೇ ಅಲ್ಲ. ಚಿತ್ರ ಮಾಡಿದವರೇ ಹೀಗೆ ಮಾಡಿದ್ದಾರೋ, ತನ್ನ ಕೈ ಹೀಗೆ ಮಾಡಿತೋ? ತಲೆಗೆ ಹುಳ ಬಿಟ್ಟುಕೊಂಡ ಹಾಗಾಯಿತು. ಮನೆಗೆ ಹೋದರೆ ತಟ್ಟೆಯ ಮುಂದೆ ಕೂತು, "ನಾನು ಬೆಳಿಗ್ಗೆ ತಿಂಡಿ ತಿಂದೆನಾ?" ಎಂದು ಕೇಳಿಬಿಟ್ಟ. ಬೇಕೆಂದೇ ಕೇಳಿದ್ದು, ತನ್ನ ನೆನಪು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಲು. ಹೆಂಡತಿ ಸೌಟು ಹಿಡಿದು ಅವನನ್ನೇ ನೋಡಿದಳು.

"ಎರಡು ಸಲ ಹಾಕಿಸ್ಕೊಂಡು ತಿಂದ್ರಿ. ಏನಾಗಿದೆ ನಿಮಗೆ?"

"ಏನಿಲ್ಲ."

"ಮೂರು ದಿನದಿಂದ 'ಏನಿಲ್ಲ' ಅಂತ ಹೇಳಿದ್ದನ್ನೇ ಹೇಳ್ತಿದ್ದೀರಿ. ಏನೋ ಇದೆ."

ಅವಳು ಜಗಳಕ್ಕೆ ಬಂದವಳಲ್ಲ. ಬಟ್ಟೆ ಹೊಲಿಯುವವರಿಗೆ ಇರುವ ತಾಳ್ಮೆ ಅವಳಿಗಿತ್ತು. ಗಂಟು ಬಿದ್ದ ದಾರವನ್ನು ಎಳೆಯುವುದಿಲ್ಲ, ಸಡಿಲ ಮಾಡುತ್ತ ಹೋಗುತ್ತಾಳೆ. ಹೆಚ್ಚು ಕೇಳಲಿಲ್ಲ. ಸೋಮವಾರ ಮಧ್ಯಾಹ್ನ ಮಿಷನ್ನಿಗೆ ಬಟ್ಟೆ ಹೊದಿಸಿ, ಸೀದಾ ಚಿತ್ರಮಂದಿರಕ್ಕೆ ಬಂದಳು. ಗೇಟಿನವನು "ಅತ್ತಿಗೆ, ನೀವಾ! ಬೇರೆ ವಾರ ಬರಬಾರದಿತ್ತಾ?" ಎಂದ.

"ಯಾಕಪ್ಪ, ಅಷ್ಟು ಕೆಟ್ಟದಾಗಿದೆಯಾ?"

"ಕೆಟ್ಟದಾಗಿದ್ರೆ ಬೈದು ಹೋಗ್ತಿದ್ರು ಅತ್ತಿಗೆ. ಇದು ಬೈಯೋಕೂ ಅರ್ಥ ಆಗಲ್ಲ."

ಇನ್ನೂರೈವತ್ತು ಕುರ್ಚಿಗಳಲ್ಲಿ ಇಪ್ಪತ್ತು ಜನ ಇದ್ದರು. ಹೊಸ ಬಟ್ಟೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅವಳು ನಡುವಿನ ಸಾಲಿನಲ್ಲಿ ಕೂತು, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಟ್ಟೆಯ ಅಳತೆ ತೆಗೆದುಕೊಳ್ಳುವ ಹಾಗೆ ಚಿತ್ರ ನೋಡಿದಳು. ಮುಗಿದ ಮೇಲೆ ಎಲ್ಲರೂ ಹೋಗುವ ತನಕ ಕಾದು, ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ಆ ಕಬ್ಬಿಣದ ಮೆಟ್ಟಿಲು ಹತ್ತಿ ಗಂಡನ ಕೋಣೆಗೆ ಬಂದಳು.

ಅವನು ಗಾಬರಿಯಾಗಿ ಎದ್ದ. "ಯಾಕೆ, ಮನೇಲಿ ಏನಾಯ್ತು?"

"ಮನೇಲಿ ಏನೂ ಆಗಿಲ್ಲ. ನಿಮ್ಮ ಸಿನಿಮಾದಲ್ಲೇ ಏನೋ ಆಗಿದೆ. ಆ ನಾಯಕ ಬೂದು ಅಂಗಿ ಹಾಕ್ತಾನಲ್ಲ, ಅದರ ತೋಳು ನೋಡಿದ್ರಾ?"

"ಕಥೆ ನೋಡಿದೋರಿಗೇ ಕಥೆ ಗೊತ್ತಾಗ್ತಿಲ್ಲ, ನೀನು ತೋಳು ನೋಡಿದೆಯಾ?"

"ನನಗೂ ಕಥೆ ಗೊತ್ತಾಗಲಿಲ್ಲ. ಅದಕ್ಕೇ ತೋಳು ನೋಡಿದೆ." ಅವಳು ಸ್ಟೂಲಿನ ಮೇಲೆ ಕೂತಳು. "ಮುದುಕಂಗೆ ಗುಂಡು ಬೀಳುತ್ತಲ್ಲ, ಆಗ ನಾಯಕನ ಎಡತೋಳಿನ ಮೇಲೆ ಒಂದು ತೇಪೆ ಇದೆ. ಸೊಟ್ಟ ಹೊಲಿಗೆ, ನನ್ನ ಹತ್ತಿರ ಕಲಿಯೋಕೆ ಬರೋ ಹುಡುಗೀರೂ ಹಾಗೆ ಹಾಕಲ್ಲ. ಆಮೇಲೆ ಮುದುಕ ಟೀ ಕುಡೀತಾನೆ, ಆಗ ತೋಳು ಪೂರ್ತಿ ಚೆನ್ನಾಗಿದೆ. ಅದಾದ ಮೇಲೆ ಬೇಲಿ ಹತ್ತೋವಾಗ ತೋಳು ಹರಿಯುತ್ತೆ. ಕೊನೇಲಿ ಮತ್ತೆ ಅದೇ ಸೊಟ್ಟ ತೇಪೆ."

"ಹಿಂದಿನ ಕಥೆ ತೋರಿಸ್ತಾರೆ ಕಣೇ."

"ತೋರಿಸಲಿ. ಆದ್ರೆ ಬೇಲಿ ಹತ್ತಿ ಇಳಿದ ಕೂಡಲೇ ಹರಿದ ತೋಳಲ್ಲೇ ಓಡಿ ಹೋಗಿ ಕೂತ್ಕೋತಾನೆ, ಪಕ್ಕದಲ್ಲಿ ಒಬ್ಬಳು ಸೂಜಿ ತೆಗೀತಾಳೆ. ಅಲ್ಲಿಗೆ ಕತ್ತರಿಸಿದ ಹಾಗೆ ನಿಂತುಹೋಗುತ್ತೆ. ಹೊಲಿಯೋದು ಎಲ್ಲಿ? ಅದು ಟೀಗಿಂತ ಮುಂಚೆ ಬಂದುಹೋಗಿತ್ತು ರೀ, ಗುಂಡಿಗೂ ಮುಂಚೆ. ಹರಿಯೋ ಮೊದಲೇ ಯಾರಾದ್ರೂ ಹೊಲೀತಾರಾ?"

ಚುಕ್ಕೆಯಣ್ಣ ಯಂತ್ರಕ್ಕೆ ಒರಗಿ ನಿಂತ. ಮೂರು ದಿನದಿಂದ ಒಳಗೆ ಅದುಮಿಟ್ಟದ್ದು ಈಗ ಬಾಯಿಗೆ ಬಂತು.

"ನಂಗೆ ಅಪ್ಪನ ಹಾಗೆ ಆಗ್ತಿದೆ ಅನ್ಸುತ್ತೆ."

ಅವನು ಪಟ್ಟಿ, ದಾರ, ಮುಚ್ಚಳ, ನೆನಪಾಗದ ಬೆಳಗು, ಬೇಕೆಂದೇ ಕೇಳಿದ ತಿಂಡಿಯ ಪ್ರಶ್ನೆ ಎಲ್ಲ ಹೇಳಿದ. "ಓದಿ ತಪ್ಪು ಕಟ್ಟಿದ್ರೆ ಮುಗೀತು. ಇವತ್ತು ರೀಲು, ನಾಳೆ ನೀನು ಯಾರು ಅಂತ ಕೇಳ್ತೀನಿ" ಎಂದ.

"ಹಸಿರು ದಾರದ್ದು ಕೊಡಿ ಇಲ್ಲಿ" ಎಂದಳು ಅವಳು.

"ಬೇಡ."

"ಕೊಡಿ ಅಂದೆ."

ಅವನು ಕೊಟ್ಟ. ಅವಳು ಕಪ್ಪು ಪಟ್ಟಿಯನ್ನು ಮೆಲ್ಲಗೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯ ಕಣ್ಣು ನೋಡುವ ಹಾಗೆ ನೋಡಿದಳು. "ಆರು" ಎಂದಳು. ಕೆಂಪು ದಾರದ್ದು ನೋಡಿದಳು. "ಐದು."

ಅವನು ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡಿ. ಇದೇನು ಅಂತ ನೋಡಿ." ಅವಳು ಮೂಗಿನ ಮೇಲಿನ ಕನ್ನಡಕ ತೆಗೆದು ಅವನ ಕೈಗಿಟ್ಟಳು.

"ಕನ್ನಡಕ."

"ಯಾರದು?"

ತಿರುಗಿಸಿ ನೋಡಿದ. ಎಡಗಡೆಯ ಕಡ್ಡಿಗೆ ತಂತಿ ಸುತ್ತಿದೆ. "ನಂದು. ನಿಂದೆಲ್ಲಿ?"

"ನಂದು ಗುರುವಾರವೇ ಮುರಿದು ಬಿತ್ತು. ಶುಕ್ರವಾರ ಬೆಳಿಗ್ಗೆ ಸೂಜಿ ಪೋಣಿಸೋಕೆ ನಿಮ್ಮದು ತಗೊಂಡೆ. ನೀವು ಹಾಗೇ ಹೊರಟುಬಿಟ್ರಿ. ಅವತ್ತಿನಿಂದ ನನ್ನ ಹತ್ತಿರವೇ ಇದೆ, ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದೂರದ ಚುಕ್ಕೆ ಕಾಣುತ್ತೆ, ಆದ್ರೆ ಈ ಇರುವೆಯಷ್ಟು ಅಂಕೀನ ಕನ್ನಡಕ ಇಲ್ಲದೆ ನೀವು ಹೆಂಗೆ ಓದ್ತೀರಿ? ಓದೇ ಇಲ್ಲ ನೀವು. ಮುಚ್ಚಳ ನೋಡಿ ಕಟ್ಟಿದ್ದೀರಿ. ಮುಚ್ಚಳ ಅದಲುಬದಲು ಮಾಡಿದ್ದು ಬೇರೆ ಯಾರೋ. ಮಾಡದೇ ಇರೋ ಕೆಲಸ ನೆನಪಿರೋದಾದ್ರೂ ಹೇಗೆ?"

ಚುಕ್ಕೆಯಣ್ಣ ಕನ್ನಡಕ ಹಾಕಿಕೊಂಡ. ಪಟ್ಟಿ ನೋಡಿದ. ಆರು. ಇನ್ನೊಂದು ನೋಡಿದ. ಐದು. ಮುಚ್ಚಳಗಳ ಮೇಲೆ ಯಾರದೋ ಅವಸರದ ಅಕ್ಷರ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಪದ್ಧತಿ ಬಿಟ್ಟಿದ್ದ, ಅಷ್ಟೇ. ತಪ್ಪು ತಪ್ಪೇ. ಆದರೆ ಅದು ಅವಸರದ ತಪ್ಪು. ಅಪ್ಪನ ಅಂಗೈಯಲ್ಲಿದ್ದ ಚಕ್ರಗಳು ಅಪ್ಪನ ಅಂಗೈಯಲ್ಲೇ ಉಳಿದವು. ಅವನು ಸ್ಟೂಲಿನ ಪಕ್ಕ ನೆಲದ ಮೇಲೆ ಕುಸಿದು ಕೂತು, ಎಷ್ಟೋ ಹೊತ್ತು ದಾರ ಬದಲಾಯಿಸುತ್ತಿದ್ದ. ಎರಡು ದಾರ ಬದಲಾಯಿಸಲು ಅಷ್ಟು ಹೊತ್ತು ಬೇಕಿರಲಿಲ್ಲ. ಹೆಂಡತಿ ಅವನ ಕಡೆ ನೋಡದೆ ಗೋಡೆಯ ಪುಟ್ಟ ಕಿಂಡಿಯಿಂದ ಖಾಲಿ ಕುರ್ಚಿಗಳನ್ನು ನೋಡುತ್ತ ಕೂತಳು.

ಯಜಮಾನರಿಗೆ ಹೇಳದೆ ಇರುವುದು ಅವನಿಂದಾಗಲಿಲ್ಲ. ಆಗಲೇ ಕೆಳಗಿಳಿದು ಹೋಗಿ ಎಲ್ಲ ಒಪ್ಪಿಕೊಂಡ. "ನನ್ನಿಂದಲೇ ಚಿತ್ರ ಕೆಟ್ಟಿತು, ಯಜಮಾನ್ರೇ. ಬೇಕಾದ್ರೆ ಕೆಲಸದಿಂದ ಬಿಡಿಸಿಬಿಡಿ" ಎಂದ.

ಯಜಮಾನರು ಟೀ ಲೋಟ ಕೆಳಗಿಟ್ಟು ಅವನನ್ನು ದಿಟ್ಟಿಸಿದರು. "ಹಂಗಾದ್ರೆ ನಾಲ್ಕು ದಿನ ಐದರ ಜಾಗದಲ್ಲಿ ಆರು ಹಾಕಿದ್ದೀಯ?"

"ಹೌದು."

"ಸರಿಯಾಗಿ ಹಾಕಿದ್ರೆ ಅರ್ಥ ಆಗುತ್ತಾ?"

"ಆಗಬೇಕು."

"ಹಾಕಿ ನೋಡು. ಬಿಡಿಸೋದು ಆಮೇಲೆ ನೋಡೋಣ" ಎಂದರು. ಅವರ ಮುಖದಲ್ಲಿ ಸಿಟ್ಟಿಗಿಂತ ಆಸೆಯೇ ಹೆಚ್ಚಾಗಿತ್ತು.

ಆ ಸಂಜೆಯ ಆಟದಿಂದ ಚಿತ್ರ ಸರಿಯಾದ ಕ್ರಮದಲ್ಲಿ ಓಡಿತು. ಮುದುಕ ಟೀ ಕುಡಿದ, ತೋಳು ಹರಿಯಿತು, ಹೊಲಿದರು, ಗುಂಡು ಬಿತ್ತು, ಮುದುಕ ಸತ್ತ. ಚುಕ್ಕೆಯಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನಿಂತಿದ್ದ. ಏಳನೇ ರೀಲು ಬಂತು. ಕೊನೆಯ ಹತ್ತು ನಿಮಿಷದಲ್ಲಿ ಒಂದು ಬಾಗಿಲು ತೆರೆಯಿತು. ಒಳಗೆ ಮುದುಕ ಕೂತಿದ್ದ, ಟೀ ಕುಡಿಯುತ್ತಿದ್ದ.

ಜನ ಅದೇ ಮುಖ ಹೊತ್ತು ಹೊರಬಂದರು.

ಗೇಟಿನವನು ಮೇಲೆ ಬಂದ. "ಚುಕ್ಕೆಯಣ್ಣ, ಶನಿವಾರ ನೋಡಿದ ಇಬ್ಬರು ಇವತ್ತು ಮತ್ತೆ ಬಂದಿದ್ರು, ಅರ್ಥ ಮಾಡ್ಕೊಳ್ಳೋಕೆ ಅಂತ. ಶನಿವಾರದ್ದೇ ವಾಸಿ ಅಂದ್ರು. ಅವತ್ತು ಏನೋ ಗುಟ್ಟಿದೆ ಅಂತಾದ್ರೂ ಅನ್ನಿಸಿತ್ತಂತೆ, ಇವತ್ತು ಅದೂ ಇಲ್ಲವಂತೆ."

ಯಜಮಾನರಿಗೂ ಈ ಸುದ್ದಿ ಮುಟ್ಟಿತು. ಅವರು ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿ ಕೇಳಿದರು: "ಏನಯ್ಯಾ, ಮತ್ತೆ ಅದಲುಬದಲು ಮಾಡೋಣವಾ?"

"ಬೇಡ ಯಜಮಾನ್ರೇ. ಅವರು ಹೆಂಗೆ ಮಾಡಿದ್ದಾರೋ ಹಂಗೇ ಇರಲಿ. ಕೆಟ್ಟದಾದ್ರೂ ಅವರದ್ದು ಅವರಿಗೇ."

"ಅದೂ ಸರಿ" ಎಂದು ಯಜಮಾನರು ಹೋದರು. ಬಿಡಿಸುವ ಮಾತು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ.

ಗುರುವಾರ ಮಧ್ಯಾಹ್ನ ಚಿತ್ರದ ಕಡೆಯ ಆಟ. ಹೆಂಡತಿಯ ಹೊಸ ಕನ್ನಡಕ ಬಂದಿತ್ತು. ಅವಳು ಅದನ್ನು ಹಾಕಿಕೊಂಡೇ ಮೇಲಿನ ಕೋಣೆಗೆ ಬಂದು ಕಿಂಡಿಯ ಪಕ್ಕ ಕೂತಳು. ಚುಕ್ಕೆಯಣ್ಣ ಪ್ರತಿ ರೀಲಿನ ಪಟ್ಟಿ ಎಳೆದು, ತನ್ನ ಕನ್ನಡಕದಲ್ಲಿ ಓದಿ, ಬಾಯಿಬಿಟ್ಟು ಅಂಕಿ ಹೇಳುತ್ತಿದ್ದ. ಅವಳು ಪ್ರತಿ ಸಲ "ಹ್ಞೂಂ" ಎನ್ನುತ್ತಿದ್ದಳು. ಆಟ ಶುರುವಾಗುವ ಮುನ್ನ ಅವನು ಯಂತ್ರದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಾಗ ಅವಳೂ ಕಣ್ಣು ಮುಚ್ಚಿದಳು.

ಆರನೇ ರೀಲು ಓಡುತ್ತಿತ್ತು. ಗುಂಡಿನ ಸದ್ದಾಯಿತು. ಮುದುಕ ಮೆಲ್ಲಗೆ ನೆಲಕ್ಕೊರಗಿದ.

"ಇಗೋ, ಇಲ್ಲಿ ಸರಿಯಾಗಿ ನೋಡೇ. ಉಸಿರಾಡ್ತಾನಾ?"

"ಎದೆ ಅಲ್ಲಾಡಿದ ಹಾಗಿತ್ತು."

"ಇಲ್ಲ ಕಣೇ, ಕಣ್ಣು ಮೇಲಾಗಿದೆ. ಸತ್ತ."

"ಸತ್ತಿದ್ರೆ ಕೈ ಯಾಕೆ ಜೇಬಿನ ಹತ್ತಿರ ಹೋಯ್ತು?"

"ಯಾವಾಗ ಹೋಯ್ತು?"

ಇಬ್ಬರೂ ಕಿಂಡಿಗೆ ಮುಖ ಒತ್ತಿ ಮುದುಕನ ಕೈಯನ್ನೇ ನೋಡುತ್ತಿದ್ದರು. ಹಾಗೆ ನೋಡುತ್ತಿರುವಾಗಲೇ ಪರದೆ ಇದ್ದಕ್ಕಿದ್ದ ಹಾಗೆ ಹಾಲಿನಷ್ಟು ಬೆಳ್ಳಗಾಯಿತು. ಕೆಳಗಿದ್ದ ಹತ್ತು ಹನ್ನೆರಡು ಜನ ಒಟ್ಟಿಗೆ ಶಿಳ್ಳೆ ಹಾಕಿದರು. ಬಾಗಿಲ ಹತ್ತಿರದಿಂದ ಗೇಟಿನವನ ದನಿ ಎಲ್ಲಕ್ಕಿಂತ ಜೋರಾಗಿ ಬಂತು: "ಚುಕ್ಕೆಯಣ್ಣಾ! ಚುಕ್ಕೆ!"

ಅವನು ನೆಗೆದು ಎರಡನೇ ಯಂತ್ರ ಹಾಕಿದ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು, ಅವನಿಗೆಲ್ಲಿ ಮತ್ತೆ ಆ ಭಯ ಹತ್ತಿಕೊಳ್ಳುತ್ತದೋ ಎಂದು. ಅವನು ತಿರುಗಿ ನೋಡಿದ. ನಗುತ್ತಿದ್ದ.

"ಅದಿರಲಿ, ಕೈ ಜೇಬಿನ ಹತ್ತಿರ ಹೋದದ್ದು ನೀನು ನಿಜವಾಗ್ಲೂ ನೋಡಿದೆಯಾ?" ಎಂದ.